ಓಎಸ್ ಡ್ರೈವರ್ ಬಂದು ರೀಸೆಟ್ ಮಾಡಲಿ ಎಂದು ಕೂರುವಂತಿಲ್ಲ

ಮಾನ್ಯ ಸಂಪಾದಕರೇ,

ವರ್ಚುವಲ್ ಮಷೀನ್ (ಸಾಫ್ಟ್‌ವೇರಿನಿಂದ ಕಟ್ಟಿದ ಕಂಪ್ಯೂಟರ್) ಬೂಟ್ ಆಗುವ ಬಗೆಯನ್ನು ವಿವರಿಸಿದ ನಿಮ್ಮ ತಂತ್ರಜ್ಞಾನ ಪುಟದ ಲೇಖನ ಒಟ್ಟಾರೆ ಚೆನ್ನಾಗಿತ್ತು. ಆದರೆ ‘ಗೆಸ್ಟ್ ಓಎಸ್‌ನ ಡ್ರೈವರ್ ಹೇಗೂ ಸಾಧನವನ್ನು ರೀಸೆಟ್ ಮಾಡುತ್ತದೆ, ಫರ್ಮ್‌ವೇರ್ ಅದನ್ನು ಯಾವ ಸ್ಥಿತಿಯಲ್ಲಿ ಬಿಟ್ಟರೂ ನಡೆಯುತ್ತದೆ’ ಎಂಬ ಮಾತನ್ನು ಒಪ್ಪಲಾಗದು. (ಗೆಸ್ಟ್ ಓಎಸ್ ಎಂದರೆ ವರ್ಚುವಲ್ ಮಷೀನಿನೊಳಗೆ ಓಡುವ ಓಎಸ್, ಫರ್ಮ್‌ವೇರ್ ಎಂದರೆ ಅದಕ್ಕೂ ಮೊದಲು ಓಡಿ ಅದನ್ನು ಎಬ್ಬಿಸುವ ತಂತ್ರಾಂಶ.) ವರ್ಟ್‌ಐಓ, ಅಂದರೆ ವರ್ಚುವಲ್ ಮಷೀನಿನ ಡಿಸ್ಕ್, ನೆಟ್‌ವರ್ಕ್ ಕಾರ್ಡಿನಂಥ ಸಾಧನಗಳ ಮಾನದಂಡಕ್ಕೆ ಲಿನಕ್ಸ್‌ನಲ್ಲಿರುವ ಡ್ರೈವರ್ ಸಾಧನದ ಸ್ಟೇಟಸ್ ರಿಜಿಸ್ಟರಿಗೆ ಮೊದಲು 0 ಬರೆದು ರೀಸೆಟ್ ಮಾಡುವುದು ನಿಜ. ಎಡವಟ್ಟಾಗುವುದು ಅದಕ್ಕಿಂತ ಮುಂಚೆ.

ಯುಇಎಫ್ಐ ಎಂಬ ಮಾನದಂಡದ ಫರ್ಮ್‌ವೇರಿನಲ್ಲಿ ಓಎಸ್ ಲೋಡರ್, ಯಂತ್ರವನ್ನು ಓಎಸ್ ವಶಕ್ಕೆ ಪಡೆಯುವ ‘ಎಕ್ಸಿಟ್ ಬೂಟ್ ಸರ್ವೀಸಸ್’ ಕರೆ ಮುಗಿಸಿತೆಂದರೆ, ಬೂಟ್ ಸರ್ವೀಸಸ್ ಡೇಟಾ ಎಂದು ಗುರುತಾಗಿದ್ದ ಮೆಮೊರಿಯೆಲ್ಲ ಓಎಸ್‌ನ ತಿರುಳಾದ ಕರ್ನಲ್ ಪಾಲಿಗೆ ಖಾಲಿ ಜಾಗ. ಫರ್ಮ್‌ವೇರ್ ಡ್ರೈವರುಗಳು ಸಾಧನದ ಜೊತೆ ವ್ಯವಹರಿಸುವ ರಿಂಗ್ ಎಂಬ ಸರದಿ ಪಟ್ಟಿ ಇರುವುದೂ ಅಲ್ಲಿಯೇ. ವರ್ಚುವಲ್ ಮಷೀನನ್ನೂ ಅದರ ಸಾಧನಗಳನ್ನೂ ನಡೆಸುವ ಹೈಪರ್‌ವೈಸರ್‌ಗೆ ಇದರ ಸುಳಿವೇ ಇರುವುದಿಲ್ಲ. ಸಾಧನದ ಸ್ಟೇಟಸ್ 15ರಲ್ಲೇ, ಅಂದರೆ ಚಾಲೂ ಸ್ಥಿತಿಯಲ್ಲೇ, ಇದ್ದರೆ ಅದು ಹಳೆಯ ವಿಳಾಸಕ್ಕೇ ಬರೆಯುತ್ತಿರುತ್ತದೆ. ಮನೆ ಬಿಟ್ಟು ಹೋಗುವವರು ಬೀಗದ ಕೈ ಕೊಟ್ಟು ನಲ್ಲಿ ತಿರುಗಿಸದೆ ಹೋದಂತೆ.

ಡಿಸ್ಕ್ ಸಾಧನದಲ್ಲಿ ಇದು ಅಪರೂಪ. ಫರ್ಮ್‌ವೇರ್ ಒಂದು ಬ್ಲಾಕ್ ಕೇಳಿ, ಅದು ಬರುವವರೆಗೆ ಕಾದೇ ಮುಂದೆ ಹೋಗುವುದರಿಂದ ಹಸ್ತಾಂತರದ ಹೊತ್ತಿಗೆ ಬಾಕಿ ಏನೂ ಇರುವುದಿಲ್ಲ. ನಿಜವಾದ ಕಾಟ ನೆಟ್‌ವರ್ಕ್ ಕಾರ್ಡಿನದು. ನೆಟ್‌ವರ್ಕ್ ಬೂಟ್‌ಗೆಂದು ಫರ್ಮ್‌ವೇರ್ ಅದನ್ನು ಚಾಲೂ ಮಾಡಿದ್ದರೆ ರಿಸೀವ್ ಕ್ಯೂನಲ್ಲಿ ಖಾಲಿ ಬಫರುಗಳು ಕಾದಿರುತ್ತವೆ. ಯಾರೋ ಒಂದು ಎಆರ್‌ಪಿ ಬ್ರಾಡ್‌ಕಾಸ್ಟ್ (ನೆಟ್‌ವರ್ಕಿನ ಎಲ್ಲರಿಗೂ ಹೋಗುವ ವಿಳಾಸ ವಿಚಾರಣೆ) ಕಳಿಸಿದರೆ ಸಾಕು: ವರ್ಟ್‌ಐಓ 1.0 ಪ್ರಕಾರ 12 ಬೈಟ್ ಹೆಡರ್, ಅದರ ಹಿಂದೆ ಪ್ಯಾಕೆಟ್ ಆ ಬಫರಿಗೆ ಬೀಳುತ್ತದೆ. ಬಳಸಿ ಮುಗಿದ ಬಫರುಗಳನ್ನು ಸಾಧನ ಗುರುತು ಹಾಕುವ ಯೂಸ್ಡ್ ರಿಂಗಿನಲ್ಲಿ 8 ಬೈಟಿನ ಒಂದು ನಮೂದು, ಮೇಲೆ 2 ಬೈಟಿನ ಇಂಡೆಕ್ಸ್. ಆ ಪುಟದಲ್ಲಿ ಈಗ ಕರ್ನಲ್‌ನ ಪೇಜ್ ಟೇಬಲ್ (ಮೆಮೊರಿ ವಿಳಾಸಗಳ ಕೋಷ್ಟಕ) ಕೂತಿದ್ದರೆ ಕಥೆ ಮುಗಿಯಿತು. ಟ್ರಾಫಿಕ್ ಇಲ್ಲದ ಪ್ರಯೋಗಾಲಯದ ನೆಟ್‌ವರ್ಕಿನಲ್ಲಿ ಇದು ಕಾಣಿಸಿಕೊಳ್ಳುವುದೇ ಇಲ್ಲ, ಗಿಜಿಗುಟ್ಟುವ ಕಡೆ ಆಗೊಮ್ಮೆ ಈಗೊಮ್ಮೆ ಕ್ರ್ಯಾಶ್. ಜನ ರ‍್ಯಾಮ್ ಮೇಲೆ, ಕಂಪೈಲರ್ ಮೇಲೆ ಗೂಬೆ ಕೂರಿಸುತ್ತಾರೆ. ಎಕ್ಸ್86 ಲಿನಕ್ಸ್ ಇಂಥ ಫರ್ಮ್‌ವೇರುಗಳ ಸಹವಾಸ ಸಾಕಾಗಿ ಆ ಜಾಗವನ್ನು ಸ್ವಲ್ಪ ಹೊತ್ತು ಮುಟ್ಟದೆ ಇಟ್ಟಿರುತ್ತದೆ. ಅದು ದೋಷವನ್ನು ಮುಚ್ಚಿಡುತ್ತದೆಯೇ ಹೊರತು ಸರಿಮಾಡುವುದಿಲ್ಲ.

ವರ್ಚುವಲ್ ಮಷೀನುಗಳಿಗೆಂದೇ ಇರುವ ಯುಇಎಫ್ಐ ಫರ್ಮ್‌ವೇರ್ ಓವಿಎಂಎಫ್‌ನ ವರ್ಟ್‌ಐಓ ಡ್ರೈವರುಗಳು ಮಾಡುವುದು ಸರಳ ಕೆಲಸ. ಎಕ್ಸಿಟ್ ಬೂಟ್ ಸರ್ವೀಸಸ್ ಘಟನೆಗೆ ಒಂದು ಕಾಲ್‌ಬ್ಯಾಕ್ (ಆ ಹೊತ್ತಿಗೆ ತಾನಾಗಿ ಓಡುವ ಫಂಕ್ಷನ್) ನೋಂದಾಯಿಸಿ, ಅದರಲ್ಲಿ ಸ್ಟೇಟಸ್‌ಗೆ 0 ಬರೆಯುತ್ತವೆ. ಹೈಪರ್‌ವೈಸರ್ ರಿಂಗನ್ನೇ ಮರೆಯುತ್ತದೆ. ರಿಂಗಿನ ಮೆಮೊರಿಯನ್ನು ಆ ಕಾಲ್‌ಬ್ಯಾಕಿನಲ್ಲಿ ಫ್ರೀ ಮಾಡಹೋಗಬಾರದು. ಮಾಡಿದರೆ ಯಾವ ಮೆಮೊರಿ ಯಾವುದಕ್ಕೆ ಎಂದು ತೋರಿಸುವ ಮೆಮೊರಿ ಮ್ಯಾಪ್ ಬದಲಾಗುತ್ತದೆ, ಲೋಡರ್ ಕೈಯಲ್ಲಿರುವ ಮ್ಯಾಪ್ ಹಳತಾಗುತ್ತದೆ. ಹೊಸ ಡ್ರೈವರ್ ಬರೆಯುವವರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ಮೆಮೊರಿ ಎನ್‌ಕ್ರಿಪ್ಟ್ ಆಗಿರುವ ಗೆಸ್ಟ್‌ಗಳಲ್ಲಿ ಕ್ರಮವೂ ಮುಖ್ಯ: ಮೊದಲು ಸಾಧನಗಳೆಲ್ಲ ರೀಸೆಟ್, ಆಮೇಲಷ್ಟೇ ಹೋಸ್ಟ್ ಜೊತೆ ಹಂಚಿಕೊಂಡಿದ್ದ ಪುಟಗಳನ್ನು ಮತ್ತೆ ಖಾಸಗಿ ಮಾಡುವುದು.

ಸಾಧನಗಳನ್ನು ಜೋಡಿಸುವ ಪಿಸಿಐ ಬಸ್ಸಿನ ಕಮಾಂಡ್ ರಿಜಿಸ್ಟರಿನ 2ನೇ ಬಿಟ್, ಅಂದರೆ ಸಾಧನ ತಾನೇ ಮೆಮೊರಿ ಮುಟ್ಟಲು ಬಿಡುವ ಬಸ್ ಮಾಸ್ಟರ್, ಅಳಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಲಿನಕ್ಸ್ 5.6ರಿಂದ ಹಸ್ತಾಂತರದ ವೇಳೆ ಬ್ರಿಡ್ಜ್‌ಗಳ (ಒಂದು ಬಸ್ಸನ್ನು ಇನ್ನೊಂದಕ್ಕೆ ಸೇರಿಸುವ ಕೊಂಡಿಗಳ) ಈ ಬಿಟ್ ಅಳಿಸುವ ಆಯ್ಕೆಯೂ ಇದೆ. ಆದರೆ ನೇರವಾಗಿ ಬಸ್ 0ರಲ್ಲೇ ಕೂತ ಸಾಧನದ ಮುಂದೆ ಬ್ರಿಡ್ಜೇ ಇಲ್ಲ, ಅಲ್ಲಿ ಅದು ಕೆಲಸಕ್ಕೆ ಬಾರದು. ಸರಳವಾಗಿ ಕಟ್ಟಿದ ವರ್ಚುವಲ್ ಮಷೀನುಗಳಲ್ಲಿ ಸಾಧನಗಳು ಇರುವುದು ಹೆಚ್ಚಾಗಿ ಅಲ್ಲಿಯೇ.

ಪರದೆಯ ವಿಚಾರ ಮಾತ್ರ ಬೇರೆ. ಅಲ್ಲಿ ರೀಸೆಟ್ ಮಾಡಿದರೆ ಚಿತ್ರ ಹೋಗುತ್ತದೆ. ವರ್ಟ್‌ಐಓ ಜಿಪಿಯುಗೆ ಸರಳ ಫ್ರೇಮ್‌ಬಫರ್ (ಪರದೆಯ ಚಿತ್ರ ನೇರವಾಗಿ ಬರೆಯುವ ಮೆಮೊರಿ) ಇಲ್ಲದ್ದರಿಂದ ಓಎಸ್‌ನ ಸ್ವಂತ ಡ್ರೈವರ್ ಏಳುವವರೆಗೆ ಪರದೆ ಕಪ್ಪು. ಅದು ಹ್ಯಾಂಗ್ ಅಲ್ಲ. ನಡುವಿನ ಸಂದೇಶಗಳು ಬೇಕಿದ್ದರೆ ಸೀರಿಯಲ್ ಕನ್ಸೋಲ್ ಇಟ್ಟುಕೊಳ್ಳಬೇಕು, ಇಲ್ಲವೇ ರ‍್ಯಾಮ್‌ಎಫ್‌ಬಿ ಎಂಬ ಸರಳ ಪರದೆ ಸಾಧನ ಬಳಸಬೇಕು. ರ‍್ಯಾಮ್‌ಎಫ್‌ಬಿಯ ಬಫರನ್ನು ಫರ್ಮ್‌ವೇರ್ ಬೇಕೆಂದೇ ರಿಸರ್ವ್ಡ್ ಮೆಮೊರಿಯಲ್ಲಿ ಇಡುವುದರಿಂದ ಓಎಸ್ ಅದನ್ನು ತುಳಿಯುವುದಿಲ್ಲ.

ಹಸ್ತಾಂತರ ಸರಿಯಾಗಿದೆಯೇ ಎಂದು ನೋಡಲು ವರ್ಚುವಲ್ ಮಷೀನ್ ನಡೆಸುವ ಕ್ಯೂಇಎಂಯುವಿನಲ್ಲಿ ಸ್ಟೇಟಸ್ ಬದಲಾವಣೆಯ ಟ್ರೇಸ್ (ದಾಖಲೆ) ಹಾಕಿ, ಪಕ್ಕದಲ್ಲಿ ಸೀರಿಯಲ್ ಕನ್ಸೋಲ್ ತೆರೆದಿಡಿ. ಫರ್ಮ್‌ವೇರ್ ಕಾಲದಲ್ಲಿ ಬೆಲೆಗಳು 1, 3, 11, 15 ಎಂದು ಏರುತ್ತವೆ. ಕರ್ನಲ್‌ನ ಡ್ರೈವರ್ ಎದ್ದೇಳುವುದಕ್ಕೆ ಬಹಳ ಮುಂಚೆ, ಹಸ್ತಾಂತರದ ಹೊತ್ತಿನಲ್ಲೇ, ಒಂದು 0 ಬಂದಿರಬೇಕು. 15ರ ನಂತರ ಕರ್ನಲ್ ಡ್ರೈವರ್ ಬರೆಯುವ 0 ಬಿಟ್ಟರೆ ಬೇರೆ 0 ಇಲ್ಲವೆಂದರೆ ತಪ್ಪು ಫರ್ಮ್‌ವೇರಿನದು. ಅನುಮಾನ ನೆಟ್‌ವರ್ಕ್ ಕಾರ್ಡಿನ ಮೇಲಿದ್ದರೆ, ಲೋಡರ್ ಮೆನು ಕಾಣುವಾಗ ಕ್ಯೂಇಎಂಯುವಿನ ಆಜ್ಞೆಗಳ ಕಿಟಕಿಯಾದ ಮಾನಿಟರಿನಿಂದ ಅದರ ಲಿಂಕ್ ಇಳಿಸಿ ಬೂಟ್ ಮುಂದುವರಿಸಿ. ಹಲವು ಸಲ ಹೀಗೆ ಮಾಡಿದರೂ ಕ್ರ್ಯಾಶ್ ಬರದಿದ್ದರೆ ಹುಡುಕಬೇಕಾದದ್ದು ಆ ಕಾರ್ಡಿನ ಫರ್ಮ್‌ವೇರ್ ಡ್ರೈವರಿನಲ್ಲಿ.

ಇಂತಿ,
ಸಿಸ್ಟಮ್ ಸಾಫ್ಟ್‌ವೇರ್ ಕ್ಷೇತ್ರದ ಓದುಗರು