ಮುಳುಗಡೆಯ ಲೆಕ್ಕದಲ್ಲಿ ನಮ್ಮ ತಾಯಂದಿರೂ ಇರಲಿ

ಸಂಪಾದಕರೇ, ನಮಸ್ಕಾರ.

ಮಳೆಗಾಲ ಬಂತೆಂದರೆ ಪತ್ರಿಕೆಯಲ್ಲಿ ನಾನು ಮೊದಲು ಹುಡುಕುವುದು ಜಲಾಶಯಗಳ ನೀರಿನ ಮಟ್ಟ. ಶರಾವತಿ ನದಿಯ ಲಿಂಗನಮಕ್ಕಿ, ಗರಿಷ್ಠ 1819 ಅಡಿ, ಇಂದು ಇಷ್ಟು. ಡೊಂಬಿವಲಿಯಲ್ಲಿ ಕೂತವರಿಗೆ ಅದೇಕೆ ಅಂತ ಮಕ್ಕಳು ಕೇಳುತ್ತಾರೆ. ನಾನು ಹುಟ್ಟಿದ ಮನೆ ಆ ನೀರಿನಡಿ ಇದೆ, ಅದಕ್ಕೆ.

2025ರ ಜುಲೈನಲ್ಲಿ ಅದೇ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಉದ್ಘಾಟನೆಯಾದಾಗ ಶರಾವತಿ ಮುಳುಗಡೆಯ ಬಗ್ಗೆ ತುಂಬಾ ಓದಿದೆ. ಮುಳುಗಿದ ಊರು, ಹೋದ ಜಮೀನು, ಇನ್ನೂ ಸಿಗದ ಹಕ್ಕುಪತ್ರ. ಎಲ್ಲಾ ನಿಜ, ಬರೆಯಲೇಬೇಕಾದದ್ದು. ಆದರೆ ಮುಳುಗಡೆಯಾದವರನ್ನು ಕಾಡಿಗೆ ತಂದು ಬಿಟ್ಟ ಮೇಲೆ ಮೊದಲ ನಾಲ್ಕೈದು ವರ್ಷ ಹೆಂಗಸರು ಹೇಗೆ ಬದುಕಿದರು, ಹೇಗೆ ಸತ್ತರು ಅನ್ನುವುದು ನಾನು ಓದಿದ್ದರಲ್ಲಿ ಒಂದು ಸಾಲೂ ಇರಲಿಲ್ಲ.

ನನ್ನ ಅಮ್ಮ ಎರಡು ಮುಳುಗಡೆ ಕಂಡವಳು. ಹಿರೇಭಾಸ್ಕರ ಅಣೆಕಟ್ಟಿನ ನೀರು ಬಂದಾಗ ಇನ್ನೂ ಹುಡುಗಿ, ಮನೆಯವರೆಲ್ಲ ಗುಡ್ಡದ ಮೇಲಕ್ಕೆ ಹೋದರಂತೆ. 1964ರಲ್ಲಿ ಲಿಂಗನಮಕ್ಕಿ ಮುಗಿದು ಆ ಅಣೆಕಟ್ಟನ್ನೇ ನುಂಗಿತು. ನೀರು ಏರುವ ಮೊದಲು ನಮ್ಮನ್ನು ಲಾರಿ ಹತ್ತಿಸಿ ಶಿವಮೊಗ್ಗ ಕಡೆಯ ಕಾಡಲ್ಲಿ ಇಳಿಸಿದರು. ನನಗಾಗ ಐದು ವರ್ಷ. ಪಾತ್ರೆ, ಬೀಸುವ ಕಲ್ಲು, ಕಟ್ಟಿಹಾಕಿದ ಹಸು, ಅಮ್ಮನ ತೊಡೆ ಮೇಲೆ ಭೂಮಣ್ಣಿ ಬುಟ್ಟಿ, ಇಷ್ಟು ನೆನಪಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ದೀವರ ಸಮುದಾಯದ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಚಿತ್ತಾರ ಬರೆಯುತ್ತಾರೆ. ಭೂಮಿ ಹುಣ್ಣಿಮೆ ದಿನ ಆ ಬುಟ್ಟಿಯಲ್ಲಿ ಗದ್ದೆಗೆ ಎಡೆ ಹೋಗುತ್ತದೆ. ಪೈರು ತುಂಬಿದ ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ. ಹೊಸ ಜಾಗದಲ್ಲಿ ಗದ್ದೆಯೇ ಇರಲಿಲ್ಲ, ಬರೀ ಮರದ ಬೊಡ್ಡೆ. ಆದರೂ ಅಮ್ಮ ಆ ವರ್ಷ ಬುಟ್ಟಿ ಬರೆದಳು, ಬೊಡ್ಡೆಗಳ ನಡುವೆ ಎಡೆ ಇಟ್ಟು ಬಂದಳು. ನೀರು ಹಳ್ಳದಿಂದ, ಸೌದೆ ಕಾಡಿನಿಂದ, ಮನೆ ತುಂಬ ಚಳಿಜ್ವರ.

1966ರ ಆಷಾಢದಲ್ಲಿ ಅಮ್ಮನಿಗೆ ನಾಲ್ಕನೇ ಹೆರಿಗೆ. ಹಳೇ ಊರಲ್ಲಿ ನಮ್ಮ ಮೂವರನ್ನೂ ಹಿಡಿದ ಸೂಲಗಿತ್ತಿ ಅಜ್ಜಿ ಇದ್ದರು. ಮುಳುಗಡೆಯಲ್ಲಿ ಅವರಿಗೆ ಜಾಗ ಸಿಕ್ಕಿದ್ದು ಇನ್ನೊಂದು ದಿಕ್ಕಿನಲ್ಲಿ. ಒಂದೊಂದು ಊರನ್ನು ಮೂರು ನಾಲ್ಕು ಕಡೆ ಚೆಲ್ಲಿದರೆ ಇನ್ನೇನಾಗುತ್ತದೆ? ಅಕ್ಕಪಕ್ಕದ ಹೆಂಗಸರು ಕೈಲಾದದ್ದು ಮಾಡಿದರು. ಮಗು ಬಂತು, ಮಾಸು ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ಅಪ್ಪ ಗಾಡಿ ಕಟ್ಟಿದರು, ಹಳ್ಳ ತುಂಬಿ ಹರಿಯುತ್ತಿತ್ತು, ಗಾಡಿ ದಾಟಲಿಲ್ಲ. ಹಳ್ಳದ ದಡದಲ್ಲೇ ಅಮ್ಮ ಹೋದಳು. ಮಗು ಉಳಿಯಿತು, ಅತ್ತೆ ಸಾಕಿದರು, ನನ್ನ ತಂಗಿ ಈಗ ಅಜ್ಜಿಯಾಗಿದ್ದಾಳೆ.

ಅಮ್ಮನ ಒಂದು ಫೋಟೋ ಇಲ್ಲ. ಯಾವ ದಾಖಲೆಯಲ್ಲೂ ಅವಳ ಹೆಸರಿಲ್ಲ. ಜನನ ಮರಣ ನೋಂದಣಿ ಕಾಯ್ದೆ ಆಗಿದ್ದೇ 1969ರಲ್ಲಿ. ನಾನು ಹದಿನಾಲ್ಕಕ್ಕೆ ಮುಂಬೈಗೆ ಬಂದೆ, ಹಗಲು ಹೋಟೆಲು, ರಾತ್ರಿ ಶಾಲೆ. ನನ್ನ ಸೊಸೆಯ ಹೆರಿಗೆ ಇಲ್ಲಿ ಆದಾಗ ರಕ್ತದ ಬಾಟಲಿ ಮೊದಲೇ ತಂದಿಟ್ಟಿದ್ದರು. ಅದನ್ನು ನೋಡುತ್ತಾ ನಿಂತುಬಿಟ್ಟೆ. ಈಗ ಸರಕಾರ ಲೆಕ್ಕ ಇಡುತ್ತದೆ: 2018-20ರಲ್ಲಿ ಲಕ್ಷ ಜನನಕ್ಕೆ ಮಹಾರಾಷ್ಟ್ರದಲ್ಲಿ 33, ಕರ್ನಾಟಕದಲ್ಲಿ 69 ತಾಯಂದಿರ ಸಾವು. ಆಗ ಆ ಕಾಡಲ್ಲಿ ಹೋದವರ ಲೆಕ್ಕ ಯಾರ ಹತ್ತಿರ ಇದೆ? ಅವರೂ ಅಣೆಕಟ್ಟಿಗೇ ಸತ್ತವರು ಅಲ್ವಾ?

ಅದಕ್ಕೆ ಕೇಳುತ್ತಿದ್ದೇನೆ. ಮುಳುಗಡೆ ಮನೆತನದ ಓದುಗರು, ಮುಂಬೈ, ಪುಣೆಯಲ್ಲಿ ಇರುವವರೂ ಸೇರಿ, ಹಾಗೆ ಹೋದ ತಾಯಂದಿರ ಹೆಸರು ಬರೆದು ಕಳಿಸಲಿ, ನೀವು ಅಚ್ಚು ಮಾಡಿ. ತಡ ಮಾಡುವಂತಿಲ್ಲ, ಕಂಡವರೆಲ್ಲ ಎಂಬತ್ತು ದಾಟಿದ್ದಾರೆ. ನಮ್ಮ ಅತ್ತೆಗೇ ಈಗ 88. ನಮ್ಮ ಕೇರಿಯೊಂದರಲ್ಲೇ ಅಮ್ಮನನ್ನು ಬಿಟ್ಟು ಇನ್ನೂ ಮೂವರು ಹೆರಿಗೆಯಲ್ಲಿ ಹೋದರಂತೆ, ಮೂವರ ಹೆಸರೂ ಅವರಿಗೆ ನೆನಪಿದೆ. ಮುಂದಿನ ತಿಂಗಳು ಊರಿಗೆ ಹೋಗಿ ಬರೆದುಕೊಂಡು ಬಂದು ಕಳಿಸುತ್ತೇನೆ.

ನಿಮ್ಮ ಓದುಗ,
ಡೊಂಬಿವಲಿ