ಕೋಲು ಕೆಳಗಿಟ್ಟ ಮೇಲೆ

ಪ್ರೀತಿಯ ಮಗಳೇ,

ನಿನ್ನೆ ರಾತ್ರಿ ಫೋನಿನಲ್ಲಿ ಅತ್ತುಬಿಟ್ಟೆಯಲ್ಲ, ಆಗಿನಿಂದ ನನಗೆ ಅದೇ ಯೋಚನೆ. ಮೂರು ಗಂಟೆ ಚೆಂಡೆ ಬಾರಿಸಿದರೂ ಉರುಳಿಕೆ, ಆ ಎಡೆಬಿಡದ ಪೆಟ್ಟುಗಳ ಓಟ, ಕೈಗೆ ಕೂರಲಿಲ್ಲ, ಕೊನೆಕೊನೆಗೆ ಎಡಗೈ ಮೊದಲಿಗಿಂತಲೂ ಹಿಂದೆ ಬಿತ್ತು, "ನನಗಿದು ಬರುವುದಿಲ್ಲ ಅಮ್ಮ" ಎಂದೆ. ಹಾಗೆ ಹೇಳಬೇಡ ಮಾರಾಯ್ತಿ. ದಣಿದ ಕೈ ನೋಡಿ ಎಷ್ಟು ಕಲಿತೆ ಎಂದು ಅಳೆಯಲಿಕ್ಕೆ ಆಗುವುದಿಲ್ಲ. ನೀನು ಕೋಲು ಕೆಳಗಿಟ್ಟ ಮೇಲೂ ಮಿದುಳಿನೊಳಗೆ ಪಾಠ ನಡೆಯುತ್ತಾ ಇರುತ್ತದೆ.

ಮೂರನೇ ಕ್ಲಾಸಿನಲ್ಲಿ ಅಜ್ಜಿ ಮಲ್ಲಿಗೆ ಕಟ್ಟಲು ಕಲಿಸಿದ್ದು ನೆನಪುಂಟಾ? ನೀರಲ್ಲಿ ನೆನೆಸಿದ ಬಾಳೆನಾರು, ಎಡಗೈ ಬೆರಳುಗಳ ನಡುವೆ ಮೊಗ್ಗು, ಬಲಗೈಯಲ್ಲಿ ನಾರಿನ ಸುತ್ತು. ಬಿಗಿ ಮಾಡಿದರೆ ತೊಟ್ಟು ತುಂಡಾಗುತ್ತಿತ್ತು, ಸಡಿಲ ಬಿಟ್ಟರೆ ಮೊಗ್ಗು ಜಾರಿ ಮಡಿಲಿಗೆ ಬೀಳುತ್ತಿತ್ತು. ನಮ್ಮಲ್ಲಿ ಮಲ್ಲಿಗೆಯನ್ನು ಅಳೆಯುವುದು ಚೆಂಡಿನ ಲೆಕ್ಕದಲ್ಲಿ, ಒಂದು ಚೆಂಡಿಗೆ 800 ಮೊಗ್ಗು ಬೇಕು. ನೀನು ಇಪ್ಪತ್ತಕ್ಕೇ ಅಳಲು ಶುರುಮಾಡಿದ್ದೆ. "ಸಾಕು, ಈಗ ಮಲಗು, ನಾಳೆ ನೋಡುವ" ಎಂದರು ಅಜ್ಜಿ. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕೂತು ಕಟ್ಟಿದೆ ನೋಡು, ಗಂಟು ತಾನಾಗಿ ಬಿದ್ದ ಹಾಗೆ.

2002ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಇದನ್ನೇ ಅಳೆದರು. ಕೀಲಿಮಣೆಯ ಮೇಲೆ ನಾಲ್ಕು ಬೆರಳುಗಳಿಂದ ಐದು ಅಂಕೆಗಳ ಒಂದು ಸಾಲನ್ನು ಮತ್ತೆ ಮತ್ತೆ ಒತ್ತಬೇಕು, ಅಷ್ಟೇ. ಹನ್ನೆರಡು ಗಂಟೆ ಎಚ್ಚರವಿದ್ದವರ ವೇಗ ಹೆಚ್ಚೇನೂ ಏರಲಿಲ್ಲ. ರಾತ್ರಿ ಮಲಗಿ ಎದ್ದವರದು, ನಡುವೆ ಒಮ್ಮೆಯೂ ಅಭ್ಯಾಸ ಮಾಡದೆ, ಸುಮಾರು ಶೇ. 20ರಷ್ಟು ಏರಿತು. ಆ ಏರಿಕೆಗೆ ನಂಟು ಕಂಡದ್ದು ಬೆಳಗಿನ ಜಾವದ ಹಗುರ ನಿದ್ದೆಯ ಜೊತೆ. ನೀನು ನಾಲ್ಕು ಗಂಟೆಗೆ ಅಲಾರಾಂ ಇಟ್ಟು ಕಳೆದುಕೊಳ್ಳುತ್ತಿರುವುದು ಅದನ್ನೇ. ಇದು ನನಗೆ ಒಂಚೂರೂ ಸರಿ ಕಾಣುವುದಿಲ್ಲ.

ಉರುಳಿಕೆ ಬಿಟ್ಟ ಕೂಡಲೇ ಬೇರೆ ತಾಳದ ಪಾಠ ಹಿಡಿದೆ ಎಂದೂ ಹೇಳಿದೆ. ಹೊಸತಾಗಿ ಕಲಿತದ್ದು ಗಟ್ಟಿಯಾಗಲು ಕೆಲವು ಗಂಟೆ ಬೇಕು. 1996ರಲ್ಲಿ ಒಂದು ಪ್ರಯೋಗ ನಡೆಯಿತು. ಕೈಯನ್ನು ಒಂದು ಕಡೆಗೆ ತಳ್ಳುವ ಯಂತ್ರದ ಹಿಡಿಕೆಯನ್ನು ಪಳಗಿಸಿಕೊಂಡವರಿಗೆ, ಕೂಡಲೇ ವಿರುದ್ಧ ದಿಕ್ಕಿಗೆ ತಳ್ಳುವ ಹಿಡಿಕೆಯನ್ನು ಕೊಟ್ಟರೆ ಮೊದಲಿನದ್ದು ಉಳಿಯಲಿಲ್ಲ. ನಾಲ್ಕು ಗಂಟೆ ಬಿಟ್ಟು ಕೊಟ್ಟರೆ ಉಳಿಯಿತು. ಮರುವರ್ಷ ಮಿದುಳಿನ ಚಿತ್ರ ತೆಗೆದಾಗ, ಆರು ಗಂಟೆಯೊಳಗೆ ಆ ಕೆಲಸದ ಹೊಣೆ ಮಿದುಳಿನ ಮುಂಭಾಗದಿಂದ ಕಿರುಮೆದುಳಿನಂಥ ಬೇರೆ ಭಾಗಗಳಿಗೆ ದಾಟಿದ್ದು ಕಂಡಿತು.

ಹಾಗಾಗಿ ಸಂಜೆ ಒಂದು ಗಂಟೆ ಉರುಳಿಕೆ ಮಾತ್ರ ಬಾರಿಸು. ಊಟ ಮಾಡು, ಮಲಗು. ಬೇರೆ ತಾಳ ಮರುದಿನಕ್ಕಿರಲಿ. ಶನಿವಾರ ಮಂಗಳೂರಿನಿಂದ ಹೊರಡುವಾಗ ಕೋಲು ಮರೆಯಬೇಡ. ಇಲ್ಲಿ ಚೆಂಡೆ ಇಲ್ಲದಿದ್ದರೆ ಏನು, ಅಜ್ಜಿಯ ಮಣೆ ಉಂಟು. ಅದರ ಮೇಲೆ ಬಾರಿಸಿ ತೋರಿಸು.

ನಿನ್ನ ಅಮ್ಮ
ಶಂಕರಪುರ, ಉಡುಪಿ