ಮಾಂತ್ರಿಕ ಸಾಧನೆಯ ನಂತರದ ನಿತ್ರಾಣ: ಮೊದಲು ಮೈಯನ್ನು ವಿಚಾರಿಸೋಣ

ಮಾನ್ಯ ಸಂಪಾದಕರೇ,

ಪಾಶ್ಚಾತ್ಯ ಸಂಪ್ರದಾಯದ ಸೆರಿಮೋನಿಯಲ್ ಮ್ಯಾಜಿಕ್, ಅಂದರೆ ವಿಧಿಬದ್ಧ ಮಾಂತ್ರಿಕ ಸಾಧನೆಯನ್ನು ಕೆಲವು ವರ್ಷ ಕೈಬಿಟ್ಟು ಮತ್ತೆ ಹಿಡಿದವರಲ್ಲಿ ಹಲವರು ಹೇಳಿಕೊಳ್ಳುವ ದೂರು ಒಂದಿದೆ. ವಿಧಿ ಮುಗಿದ ಮೇಲೆ ಮೈಯಲ್ಲಿ ತ್ರಾಣವೇ ಉಳಿಯುವುದಿಲ್ಲ, ಮರುದಿನವೂ ತಲೆ ಭಾರವಾಗಿರುತ್ತದೆ, ಯಾರೊಂದಿಗೂ ಮಾತೇ ಬೇಡ ಎನ್ನಿಸುವಷ್ಟು ಸುಸ್ತು ಆವರಿಸುತ್ತದೆ. ಈ ದೂರಿಗೆ ಸಿಗುವ ಉತ್ತರಗಳು ಬಹುಮಟ್ಟಿಗೆ ಎರಡೇ. ಸಾಧನೆಯನ್ನೇ ಒಪ್ಪದವರು ‘ಮೌಢ್ಯವನ್ನು ಬಿಡಿ, ಸುಸ್ತೂ ಬಿಟ್ಟುಹೋಗುತ್ತದೆ’ ಎನ್ನುತ್ತಾರೆ. ಒಪ್ಪುವವರು ‘ಕಾಣದ ಶಕ್ತಿಯೊಂದು ನಿಮ್ಮ ಚೈತನ್ಯವನ್ನು ಹೀರುತ್ತಿದೆ’ ಎಂದು ಹೆದರಿಸುತ್ತಾರೆ. ಈ ಸಾಧನೆಯಲ್ಲಿದ್ದು, ನಡುವೆ ದೂರವಾಗಿ, ಮತ್ತೆ ಅದಕ್ಕೆ ಮರಳಿದವನಾದ ನನಗೆ ಎರಡೂ ಉತ್ತರಗಳ ಬಗ್ಗೆ ತಕರಾರಿದೆ. ಈ ನಿತ್ರಾಣ ಕಲ್ಪನೆಯದಲ್ಲ. ಆದರೆ ಅದರ ಕಾರಣವನ್ನು ಅಗೋಚರ ಲೋಕದಲ್ಲಿ ಹುಡುಕುವ ಮುನ್ನ, ವಿಧಿಯು ನಮ್ಮ ಮೈಮನಗಳಿಂದ ಎಷ್ಟು ದುಡಿಮೆಯನ್ನು ಕೇಳುತ್ತದೆ ಎಂಬುದನ್ನು ಲೆಕ್ಕಹಾಕಬೇಕು ಎಂಬುದು ನನ್ನ ವಾದ.

ಈ ಸಂಪ್ರದಾಯದಲ್ಲಿ ಎಲ್ಲರೂ ಮೊದಲು ಕಲಿಯುವ, ಮರಳಿ ಬಂದವರೂ ಮೊದಲು ಕೈಗೆತ್ತಿಕೊಳ್ಳುವ ಪಂಚಕೋನದ ಲಘು ಉಚ್ಚಾಟನ ವಿಧಿಯನ್ನೇ, ಅಂದರೆ ಐದು ಮೊನೆಯ ನಕ್ಷತ್ರವನ್ನು ಬರೆದು ಅನಿಷ್ಟ ಪ್ರಭಾವಗಳನ್ನು ಹೊರಗಟ್ಟುವ ಚಿಕ್ಕ ವಿಧಿಯನ್ನೇ ತೆಗೆದುಕೊಳ್ಳೋಣ. ಸಾಧಕನು ಪೂರ್ವಾಭಿಮುಖವಾಗಿ ನಿಂತು, ಹಣೆ, ಎದೆ, ಎರಡು ಭುಜಗಳನ್ನು ಮುಟ್ಟುತ್ತಾ ಕಬ್ಬಾಲಾ (ಯಹೂದಿ ಅನುಭಾವ ಪರಂಪರೆ) ಶಿಲುಬೆಯನ್ನು ರಚಿಸಿಕೊಳ್ಳುತ್ತಾನೆ. ಬಳಿಕ ತೋಳನ್ನು ಮುಂದೆ ಚಾಚಿ, ಎಡ ಸೊಂಟದ ಮಟ್ಟದಿಂದ ಹಣೆಯ ಮಟ್ಟಕ್ಕೆ, ಅಲ್ಲಿಂದ ಬಲ ಸೊಂಟಕ್ಕೆ, ಎಡ ಭುಜಕ್ಕೆ, ಬಲ ಭುಜಕ್ಕೆ, ಮತ್ತೆ ಎಡ ಸೊಂಟಕ್ಕೆ ಗೆರೆ ಎಳೆದು ಗಾಳಿಯಲ್ಲಿ ನಕ್ಷತ್ರವನ್ನು ಬರೆಯುತ್ತಾನೆ. ನಾಲ್ಕು ದಿಕ್ಕಿಗೂ ಹೀಗೆ ಬರೆದು ಒಂದೊಂದು ದೈವನಾಮವನ್ನು ನುಡಿಯುತ್ತಾನೆ, ಒಂದು ದಿಕ್ಕಿನಿಂದ ಇನ್ನೊಂದಕ್ಕೆ ಹೋಗುವಾಗ ಚಾಚಿದ ತೋಳನ್ನು ಇಳಿಸುವಂತಿಲ್ಲ. ಕೊನೆಗೆ ಮುಂದೆ ರಫಾಯೆಲ್, ಹಿಂದೆ ಗೇಬ್ರಿಯೆಲ್, ಬಲಕ್ಕೆ ಮೈಕೇಲ್, ಎಡಕ್ಕೆ ಔರಿಯೆಲ್ ಎಂದು ನಾಲ್ವರು ಮಹಾದೇವದೂತರನ್ನು ಕರೆದು, ಶಿಲುಬೆಯನ್ನು ಮತ್ತೆ ರಚಿಸುತ್ತಾನೆ. ಬರೆದ ನಕ್ಷತ್ರಗಳು ಉರಿಯುತ್ತಿರುವಂತೆಯೂ ದೂತರು ತಮ್ಮ ತಮ್ಮ ಬಣ್ಣದ ಉಡುಪಿನಲ್ಲಿ ನಿಂತಿರುವಂತೆಯೂ ಮನಸ್ಸಿನಲ್ಲಿ ಕಾಣುತ್ತಿರಬೇಕು; ಒಂದನ್ನು ಬರೆಯುವಾಗ ಹಿಂದಿನದು ಆರಕೂಡದು. ಹತ್ತು ನಿಮಿಷದೊಳಗೆ ಮುಗಿಯುವ ಈ ವಿಧಿಯನ್ನು ಹೊರಗಿನಿಂದ ನೋಡುವವರಿಗೆ ಅದು ನಿಧಾನಗತಿಯ ಅಂಗವಿನ್ಯಾಸದಂತೆ ಕಾಣಬಹುದು. ಮಾಡುವವನ ಪಾಡು ಬೇರೆ.

ಮುಖ್ಯವಾದದ್ದು ಉಸಿರು. ದೈವನಾಮಗಳನ್ನು ಸುಮ್ಮನೆ ಹೇಳಿದರೆ ಸಾಲದು, ಇಡೀ ಎದೆಗೂಡು ಕಂಪಿಸುವಂತೆ ದೀರ್ಘವಾಗಿ ನಾದಗೂಡಿಸಿ ನುಡಿಯಬೇಕೆಂಬುದು ನಿಯಮ. ಶಿಲುಬೆಯ ಪದಗಳನ್ನೂ ಸೇರಿಸಿದರೆ ಒಂದೇ ವಿಧಿಯಲ್ಲಿ ಹದಿನೈದಕ್ಕೂ ಹೆಚ್ಚು ಬಾರಿ ಹೀಗೆ ನುಡಿಯಬೇಕಾಗುತ್ತದೆ. ಅಭ್ಯಾಸವಿದ್ದವರು ನಡುನಡುವೆ ತಡೆದು, ಉಸಿರು ತಾನಾಗಿ ಸಮಸ್ಥಿತಿಗೆ ಬಂದ ಮೇಲೆ ಮುಂದುವರಿಯುತ್ತಾರೆ. ಅಭ್ಯಾಸ ತಪ್ಪಿದವರು ಅವಸರದಲ್ಲಿ ಒಂದರ ಹಿಂದೊಂದು ದೊಡ್ಡ ಉಸಿರು ಎಳೆಯುತ್ತಾರೆ. ಹಾಗೆ ಅಗತ್ಯಕ್ಕಿಂತ ಹೆಚ್ಚು ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಪ್ರಮಾಣ ತಗ್ಗಿ, ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರವಾದಂತೆ, ಬೆರಳ ತುದಿಯಲ್ಲೂ ತುಟಿಯ ಸುತ್ತಲೂ ಜುಮುಗುಟ್ಟಿದಂತೆ ಆಗುತ್ತದೆ. ಈ ಜುಮುಗುಟ್ಟುವಿಕೆಯನ್ನೇ ‘ಶಕ್ತಿ ಇಳಿಯಿತು’ ಎಂದು ದಿನಚರಿಯಲ್ಲಿ ಬರೆದುಕೊಳ್ಳುವವರಿದ್ದಾರೆ. ಇಳಿದಿರಲೂಬಹುದು, ನಾನು ವಾದಕ್ಕಿಳಿಯುವುದಿಲ್ಲ. ಆದರೆ ಅದರ ಹಿಂದೆಯೇ ಬರುವ ತಲೆನೋವಿಗೂ ಬಳಲಿಕೆಗೂ ವಿವರಣೆ ಬೇಕಿದ್ದರೆ ಉಸಿರಾಟದಿಂದಲೇ ಆರಂಭಿಸುವುದು ನ್ಯಾಯ. ಇದರ ಜೊತೆಗೆ, ಮೊಣಕಾಲುಗಳನ್ನು ಬಿಗಿಹಿಡಿದು ಬಹಳ ಹೊತ್ತು ಅಲುಗಾಡದೆ ನಿಂತರೆ ರಕ್ತ ಕಾಲುಗಳಲ್ಲಿ ಶೇಖರವಾಗಿ ಕಣ್ಣು ಕತ್ತಲಿಡುತ್ತದೆ ಎಂಬುದು ಕವಾಯತಿನಲ್ಲಿ ನಿಂತ ಸಿಪಾಯಿಗಳಿಗೆಲ್ಲ ಗೊತ್ತಿರುವ ಸಂಗತಿ. ಅದರ ಮೇಲೆ ಉಪವಾಸ, ದಪ್ಪ ನಿಲುವಂಗಿ, ಮುಚ್ಚಿದ ಕೋಣೆ.

ಮನಸ್ಸಿನ ದುಡಿಮೆಯ ವಿಷಯದಲ್ಲಿ ಸಾಧಕರ ನಡುವೆ ಒಂದು ತಪ್ಪು ತಿಳಿವಳಿಕೆ ಚಾಲ್ತಿಯಲ್ಲಿದೆ. ಧ್ಯಾನಚಿತ್ರಗಳನ್ನು ಹಿಡಿದಿಟ್ಟುಕೊಳ್ಳಲು ಮೆದುಳು ಅಪಾರ ಶಕ್ತಿಯನ್ನು ಸುಡುತ್ತದೆ, ಅದರಿಂದಲೇ ಸುಸ್ತು ಎನ್ನುತ್ತಾರೆ. ದೇಹದ ತೂಕದಲ್ಲಿ ಸುಮಾರು ಶೇ 2ರಷ್ಟಿರುವ ಮೆದುಳು ವಿಶ್ರಾಂತ ಸ್ಥಿತಿಯಲ್ಲೇ ದೇಹದ ಒಟ್ಟು ಶಕ್ತಿಯ ಸುಮಾರು ಶೇ 20ರಷ್ಟನ್ನು ಬಳಸುತ್ತದೆ ಎಂಬುದು ನಿಜ. ಆದರೆ ಏಕಾಗ್ರತೆಯ ಕೆಲಸ ಮಾಡುವಾಗ ಆ ಬಳಕೆ ಅಲ್ಪಸ್ವಲ್ಪ ಏರುತ್ತದೆಯೇ ಹೊರತು ಇಮ್ಮಡಿ ಮುಮ್ಮಡಿಯಾಗುವುದಿಲ್ಲ. ದಣಿಯುವುದು ಗಮನ. ಬೇರೆಲ್ಲೂ ಹರಿಯದಂತೆ ಗಮನವನ್ನು ಬಲವಂತವಾಗಿ ತಡೆದು ನಿಲ್ಲಿಸಿದ ಯಾವ ಕೆಲಸದ ನಂತರವೂ, ಅದು ಪರೀಕ್ಷೆಯಿರಲಿ ಲೆಕ್ಕಪತ್ರದ ತಪಾಸಣೆಯಿರಲಿ, ಇದೇ ಬಗೆಯ ಬಸವಳಿಕೆ ಇರುತ್ತದೆ. ಅಲ್ಲಿ ಯಾರೂ ಯಾವ ಶಕ್ತಿಯನ್ನೂ ದೂರುವುದಿಲ್ಲ.

ಹಾಗಿದ್ದರೆ ಹೊಸಬರಿಗಿಂತ ಮರಳಿ ಬಂದವರನ್ನೇ ಇದು ಹೆಚ್ಚಾಗಿ ಕಾಡುವುದೇಕೆ? ಹೊಸಬನಿಗೆ ಏನೂ ಬಾರದು, ಆದ್ದರಿಂದ ಅವನು ನಿಧಾನಿಸಲೇಬೇಕು. ಮರಳಿದವನಿಗಾದರೋ ನಾಮಗಳು ಕಂಠಸ್ಥವಾಗಿಯೇ ಇವೆ, ದಿಕ್ಕುಗಳ ಕ್ರಮ ಮರೆತಿಲ್ಲ. ಹೀಗಾಗಿ ಬಿಟ್ಟ ಜಾಗದಿಂದಲೇ ಪೂರ್ಣ ಪ್ರಮಾಣದಲ್ಲಿ ಆರಂಭಿಸುತ್ತಾನೆ. ನೆನಪು ಉಳಿದಿದೆ, ಅದನ್ನು ಹೊರುವ ದೇಹಶಿಸ್ತು ಉಳಿದಿಲ್ಲ. ಹಾಡುಗಾರಿಕೆ ನಿಲ್ಲಿಸಿದ್ದ ಗಾಯಕನೊಬ್ಬ ವರ್ಷಗಳ ನಂತರ ಒಮ್ಮೆಲೇ ಪೂರ್ಣ ಕಛೇರಿಗೆ ಕೂತರೆ ರಾಗ ಅವನ ಕೈಬಿಡದಿದ್ದರೂ ಗಂಟಲು ಕೈಬಿಡುತ್ತದೆ. ಕಳೆದುಹೋದ ಕಾಲವನ್ನು ತುಂಬಿಕೊಳ್ಳಬೇಕೆಂಬ ಹಟ ಬೇರೆ. ಇಂಗ್ಲಿಷ್ ಮಾಂತ್ರಿಕ ಅಲೀಸ್ಟರ್ ಕ್ರೌಲಿ ವಿಧಿಸಿದ ಸೂರ್ಯೋಪಾಸನೆಯನ್ನು ಸೂರ್ಯೋದಯ, ನಡುಹಗಲು, ಸೂರ್ಯಾಸ್ತ, ನಡುರಾತ್ರಿ ಎಂದು ನಾಲ್ಕೂ ಹೊತ್ತು ಮಾಡುವ ವ್ರತ ತೊಟ್ಟು, ನಡುರಾತ್ರಿಗೂ ಸೂರ್ಯೋದಯಕ್ಕೂ ನಡುವೆ ಸಿಕ್ಕಷ್ಟೇ ನಿದ್ದೆ ಮಾಡಿ, ಆಮೇಲೆ ಬಳಲಿಕೆಯ ಗೂಢಾರ್ಥವನ್ನು ಹುಡುಕುತ್ತಾ ಕೂರುವವರಿಗೆ ಏನು ಹೇಳುವುದು? ಇನ್ನೊಂದು ಸೂಕ್ಷ್ಮ ವಿಷಯವೂ ಇದೆ. ಸುಖವಾಗಿದ್ದಾಗ ಬಿಟ್ಟ ಸಾಧನೆಗೆ ಮನುಷ್ಯ ಮರಳುವುದು ಅನೇಕ ವೇಳೆ ಸಾವು, ಅಗಲಿಕೆ, ಉದ್ಯೋಗನಷ್ಟದಂಥ ಆಘಾತದ ನಂತರ. ಬೇರೆಲ್ಲ ಗದ್ದಲವನ್ನು ಹೊರಗಿಟ್ಟು ನಿಂತಾಗ ಅದುಮಿಟ್ಟ ದುಃಖ ಮೇಲೇಳುತ್ತದೆ. ಅಂಥವರ ಆಯಾಸದಲ್ಲಿ ವಿಧಿಯ ಪಾಲೆಷ್ಟು, ಶೋಕದ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಈ ಪದ್ಧತಿಯನ್ನು ರೂಪಿಸಿದವರಿಗೆ ಪ್ರಮಾಣದ ಅರಿವಿತ್ತು ಎಂಬುದನ್ನು ಇಲ್ಲಿ ನೆನಪಿಸಬೇಕು. ವಿಲಿಯಂ ವಿನ್ ವೆಸ್ಟ್‌ಕಾಟ್, ಮ್ಯಾಕ್‌ಗ್ರೆಗರ್ ಮ್ಯಾದರ್ಸ್, ವಿಲಿಯಂ ರಾಬರ್ಟ್ ವುಡ್‌ಮನ್ ಸೇರಿ 1888ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಗೋಲ್ಡನ್ ಡಾನ್ ಸಂಘದಲ್ಲಿ ಹೊಸ ಸದಸ್ಯನಿಗೆ ಕೊಡುತ್ತಿದ್ದ ಮಾಂತ್ರಿಕ ಅಭ್ಯಾಸವೆಂದರೆ ಮೇಲೆ ಹೇಳಿದ ಪಂಚಕೋನ ವಿಧಿಯೊಂದೇ. ಉಳಿದ ಪ್ರಯೋಗಗಳೆಲ್ಲ ಒಳವರ್ತುಲಕ್ಕೆ ಮೀಸಲಾಗಿದ್ದವು, ಅದರ ಹೊಸ್ತಿಲಲ್ಲಿ ಒಂಬತ್ತು ತಿಂಗಳು ಕಾಯಬೇಕಿತ್ತು. ದೊಡ್ಡ ವಿಧಿಗಳ ಭಾರವನ್ನು ಹೈರೊಫ್ಯಾಂಟ್, ಹೈರಿಯಸ್, ಹೆಗೆಮಾನ್ ಮೊದಲಾದ ಹಲವು ಅಧಿಕಾರಿಗಳು ಹಂಚಿಕೊಳ್ಳುತ್ತಿದ್ದರು. ಮ್ಯಾದರ್ಸ್ ಫ್ರೆಂಚ್ ಹಸ್ತಪ್ರತಿಯಿಂದ ಅನುವಾದಿಸಿದ ಅಬ್ರಮೆಲಿನ್ ಸಾಧನೆಯಂಥ ಅತಿ ಕಠಿಣವಾದುದರಲ್ಲೂ ಆರು ತಿಂಗಳನ್ನು ಎರಡೆರಡು ತಿಂಗಳ ಮೂರು ಘಟ್ಟಗಳಾಗಿ ವಿಂಗಡಿಸಿ, ತೀವ್ರತೆಯನ್ನು ಹಂತಹಂತವಾಗಿ ಏರಿಸಲಾಗಿದೆ. 1937ರಿಂದ 1940ರ ನಡುವೆ ಸಾಧಕ, ಲೇಖಕ ಇಸ್ರೇಲ್ ರೆಗಾರ್ಡಿ ಸಂಘದ ವಿಧಿಗಳನ್ನು ನಾಲ್ಕು ಸಂಪುಟಗಳಲ್ಲಿ ಅಚ್ಚುಹಾಕಿಸಿದ ಮೇಲೆ ಎಲ್ಲವೂ ಎಲ್ಲರಿಗೂ ಒಟ್ಟಿಗೇ ಸಿಕ್ಕಿತು. ಅದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ನನ್ನಂಥವರಿಗೆ ಈ ಸಂಪ್ರದಾಯ ದಕ್ಕುತ್ತಲೇ ಇರಲಿಲ್ಲ. ಆದರೆ ‘ಇಷ್ಟು ಸಾಕು, ಮುಂದಿನದು ಆಮೇಲೆ’ ಎನ್ನುವ ಹಿರಿಯರು ಅಚ್ಚಿನ ಪುಟದಲ್ಲಿ ಬರಲಿಲ್ಲ. ಹತ್ತು ಜನರ ಕೆಲಸ ಒಂಟಿ ಸಾಧಕನ ಹೆಗಲಿಗೆ ಬಿತ್ತು. ಇದೇ ರೆಗಾರ್ಡಿ, ಮಾಂತ್ರಿಕ ಸಾಧನೆಗೆ ಇಳಿಯುವವರು ಮೊದಲು ಮನೋಚಿಕಿತ್ಸೆಗೆ ಒಳಗಾಗುವುದು ಲೇಸೆಂದು ಜೀವನವಿಡೀ ಹೇಳುತ್ತಾ ಬಂದದ್ದನ್ನು ಮಾತ್ರ ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನು ‘ಯಾರೋ ಹೀರುತ್ತಿದ್ದಾರೆ’ ಎಂಬ ವಾದ. ಇದಕ್ಕೆ ಆಧಾರವಾಗಿ ಇದೇ ಸಂಪ್ರದಾಯದ ಬ್ರಿಟಿಷ್ ಲೇಖಕಿ ಡಯಾನ್ ಫಾರ್ಚೂನ್ 1930ರಲ್ಲಿ ಪ್ರಕಟಿಸಿದ, ಅತೀಂದ್ರಿಯ ದಾಳಿಯಿಂದ ಆತ್ಮರಕ್ಷಣೆಯನ್ನು ಕುರಿತ ಪುಸ್ತಕವನ್ನು ಮುಂದಿಡುತ್ತಾರೆ. ಅಂಥ ದಾಳಿಯನ್ನು ಆಕೆ ಗಟ್ಟಿಯಾಗಿ ನಂಬಿದ್ದರು, ನಿಜ. ಆದರೆ ಅದೇ ಪುಸ್ತಕದಲ್ಲಿ ನಿಜವಾದ ದಾಳಿಯನ್ನೂ ಮನಸ್ಸಿನ ಒಳಗಿನ ಏರುಪೇರನ್ನೂ ಹೇಗೆ ಬೇರ್ಪಡಿಸಿ ನೋಡಬೇಕೆಂಬ ವಿವರವಾದ ಚರ್ಚೆಯಿದೆ, ಬಾಧೆಗೊಳಗಾದವರು ಹೊಟ್ಟೆಯನ್ನು ಖಾಲಿ ಬಿಡಬಾರದೆಂಬ ತೀರ ಲೌಕಿಕ ಸಲಹೆಯೂ ಇದೆ. ಆಕೆಯ ಹೆಸರು ಹೇಳಿ ರಕ್ಷಾವಿಧಿಗಳನ್ನು ಹಣಕ್ಕೆ ಮಾಡಿಕೊಡುವವರು ಈ ಭಾಗವನ್ನು ಓದಿ ಹೇಳುವುದಿಲ್ಲ. ಅವರು ಕೊಡುವ ಮದ್ದು ಏನೆಂದರೆ ಉಚ್ಚಾಟನೆಯನ್ನು ಇನ್ನಷ್ಟು ಹೆಚ್ಚಿಸುವುದು, ದಿನಕ್ಕೆರಡು ಬಾರಿ ಇದ್ದದ್ದನ್ನು ನಾಲ್ಕು ಬಾರಿ ಮಾಡುವುದು. ದಣಿದವನ ಮೇಲೆ ದಣಿಸಿದ ಕೆಲಸವನ್ನೇ ಮತ್ತೆ ಹೇರಿದರೆ ಅವನು ಇನ್ನೂ ಕುಸಿಯುತ್ತಾನೆ, ಆ ಕುಸಿತವೇ ದಾಳಿಗೆ ಸಾಕ್ಷಿಯಾಗುತ್ತದೆ, ಹಣದ ಚೀಲ ಮತ್ತೊಮ್ಮೆ ಬಿಚ್ಚಿಕೊಳ್ಳುತ್ತದೆ.

ಪರೀಕ್ಷೆ ಸರಳವಾಗಿದೆ. ಒಂದೆರಡು ವಾರ ವಿಧಿಯನ್ನು ಪೂರ್ತಿ ನಿಲ್ಲಿಸಿ ನೋಡಬೇಕು. ಸುಸ್ತು ಇಳಿದರೆ ಪ್ರಮಾಣ ಹೆಚ್ಚಾಗಿತ್ತೆಂದು ತಿಳಿದು, ಮರಳುವಾಗ ಕಬ್ಬಾಲಾ ಶಿಲುಬೆಯೊಂದರಿಂದಲೇ ಆರಂಭಿಸಿ, ಮೆಲುದನಿಯಲ್ಲಿ, ನಾಮಗಳ ನಡುವೆ ಸಹಜ ಉಸಿರಿಗೆ ಬಿಡುವು ಕೊಟ್ಟು ಬೆಳೆಸಿಕೊಂಡು ಹೋಗಬಹುದು. ಆವಾಹನೆ ಮಾಡಿದ್ದನ್ನು ಕ್ರಮವಾಗಿ ವಿಸರ್ಜಿಸಿ, ನಿಲುವಂಗಿ ಕಳಚಿ, ಏನಾದರೂ ತಿಂದು, ಕೈಗೆ ಸಿಕ್ಕ ಮನೆಗೆಲಸ ಮಾಡಿದ ಮೇಲೆಯೇ ಮಲಗುವುದು ಹಳೆಯ ಸಾಧಕರ ರೂಢಿ. ನನ್ನ ಅನುಭವದಲ್ಲಿ ಇದರಷ್ಟು ಫಲಕೊಟ್ಟ ಉಪಾಯ ಬೇರೆಯಿಲ್ಲ. ಚಂದ್ರನ ಕಲೆಯನ್ನೂ ಗ್ರಹಹೋರೆಯನ್ನೂ ತಪ್ಪದೆ ದಾಖಲಿಸುವ ಸಾಧನಾ ದಿನಚರಿಯಲ್ಲಿ ಹಿಂದಿನ ರಾತ್ರಿ ಎಷ್ಟು ತಾಸು ನಿದ್ದೆಯಾಯಿತು, ಕೊನೆಯ ಊಟ ಯಾವಾಗ ಎಂಬ ಎರಡು ಕಾಲಂಗಳನ್ನೂ ಸೇರಿಸಿಕೊಂಡರೆ ಹಲವು ರಹಸ್ಯಗಳು ತಾವಾಗಿ ಬಯಲಾಗುತ್ತವೆ.

ವಿಧಿ ನಿಲ್ಲಿಸಿದರೂ ಸುಸ್ತು ಇಳಿಯದಿದ್ದರೆ ವೈದ್ಯರನ್ನು ಕಾಣಬೇಕು. ರಕ್ತಹೀನತೆ, ಥೈರಾಯ್ಡ್ ಕೊರತೆ, ಮಧುಮೇಹ, ಖಿನ್ನತೆ ಇವೆಲ್ಲವೂ ಇದೇ ಬಳಲಿಕೆಯ ವೇಷದಲ್ಲಿ ಬರುತ್ತವೆ. ನಿದ್ದೆಯೇ ಬೇಡವೆನಿಸುವುದು, ಆಜ್ಞೆ ಮಾಡುವ ದನಿಗಳು ಕೇಳಿಸುವುದು ಶುರುವಾದರೆ ಕಾಯುತ್ತಾ ಕೂರಬಾರದು, ಸಾಧನೆಯನ್ನು ಅಲ್ಲಿಗೇ ನಿಲ್ಲಿಸಿ ಮನೋವೈದ್ಯರ ಬಳಿ ಹೋಗಬೇಕು. ಇದಕ್ಕಿಂತಲೂ ತುರ್ತಿನದು ಧೂಪಕ್ಕೆಂದು ಉರಿಸುವ ಇದ್ದಿಲು. ಬಾಗಿಲು ಕಿಟಕಿ ಮುಚ್ಚಿದ ಚಿಕ್ಕ ಕೋಣೆಯಲ್ಲಿ ಇದ್ದಿಲು ಉರಿದರೆ ಇಂಗಾಲದ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಕೈಕಾಲು ಸೋಲುವುದು ಅದರ ಮೊದಲ ಲಕ್ಷಣಗಳು, ಮುಂದುವರಿದರೆ ಜೀವಕ್ಕೇ ಅಪಾಯ. ವಿಧಿಯ ನಡುವೆ ಇಂಥ ಲಕ್ಷಣ ಕಂಡರೆ ಸುತ್ತ ರಚಿಸಿಕೊಂಡ ರಕ್ಷಾವೃತ್ತವನ್ನು ಮುರಿಯುವುದೋ ಬೇಡವೋ ಎಂದು ಯೋಚಿಸುತ್ತಾ ನಿಲ್ಲದೆ ತಕ್ಷಣ ಹೊರಗೆ ಬರಬೇಕು.

ಮಾಂತ್ರಿಕ ಸಾಧನೆಯ ಬಗ್ಗೆ ಪತ್ರಿಕೆಗಳ ಪುರವಣಿಗಳಲ್ಲಿ ಬರುವ ಬರಹಗಳು ಬೆರಗಿಗೋ ಗೇಲಿಗೋ ಸೀಮಿತವಾಗಿರುವುದೇ ಹೆಚ್ಚು. ತಮ್ಮ ಪತ್ರಿಕೆ ಇಂಥ ಬರಹಗಳನ್ನು ಪ್ರಕಟಿಸುವಾಗ, ಕನಿಷ್ಠಪಕ್ಷ ಗಾಳಿಯಾಡದ ಕೋಣೆಯ ಇದ್ದಿಲಿನ ಎಚ್ಚರಿಕೆಯನ್ನೂ, ದೀರ್ಘಕಾಲದ ಬಳಲಿಕೆಗೆ ವೈದ್ಯಕೀಯ ತಪಾಸಣೆ ಬೇಕೆಂಬ ಮಾತನ್ನೂ ಒಬ್ಬ ವೈದ್ಯರಿಂದ ಬರೆಸಿ ಜೊತೆಗೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಸಾಧಕ ಓದುಗ